ಜೋಡಿ ಟೈರು

ಜೋಡಿ ಟೈರು: ಸರಕು ವಾಹನದ ಹಿಂದಿನ ಆಕ್ಸಲ್‌ಗೆ ಎಡಕ್ಕೆರಡು ಬಲಕ್ಕೆರಡರಂತೆ, ಒಂದೇ ಹಬ್‌ಗೆ ಒತ್ತಟ್ಟಿಗೆ ಬಿಗಿದ ಟೈರುಗಳು. ಮುಂದೆ ಎರಡು, ಹಿಂದೆ ನಾಲ್ಕು ಸೇರಿ ಆರಾಗುವುದರಿಂದ ಇಂಥ ವಾಹನಕ್ಕೆ ಆರು ಗಾಲಿ ಗಾಡಿ ಎಂದೇ ಹೆಸರು. ಜೋಡಿಯಲ್ಲಿ ಕಣ್ಣಿಗೆ ಬೀಳುವುದು ಹೊರ ಟೈರು, ಅದರ ಬೆನ್ನಿಗೆ ಮರೆಯಾಗಿರುವುದು ಒಳ ಟೈರು. ಈ ಲೇಖನದ ಬಹುಪಾಲು ಮಾತು ಆ ಮರೆಯಲ್ಲಿರುವ ಟೈರಿನದೇ.

ಅಮೆರಿಕದಲ್ಲಿ ಪಿಕಪ್ಪುಗಳಿಗೂ ಜೋಡಿ ಟೈರು ಉಂಟು. ಜನರಲ್ ಮೋಟಾರ್ಸ್ 1973ರಲ್ಲಿ ಒಂದು ಟನ್ನಿನ ಪಿಕಪ್ಪಿಗೆ ಇದನ್ನು ಕಾರ್ಖಾನೆಯಿಂದಲೇ ಕೊಡತೊಡಗಿತು. ಫೋರ್ಡ್ ಎಫ್-350, ರ‍್ಯಾಮ್ 3500 ಮುಂತಾದವು ಅದೇ ಸಾಲಿನವು. ಕುದುರೆ ಸಾಗಿಸುವ ಟ್ರೇಲರು, ಚಕ್ರದ ಮೇಲಿನ ಮನೆ ಇತ್ಯಾದಿಗಳನ್ನು ಎಳೆಯಲು ಅಲ್ಲಿನವರು ಬಳಸುತ್ತಾರೆ. ನಮ್ಮಲ್ಲಿ ಪಿಕಪ್ ಎಂದು ಕರೆಯುವ ಬೊಲೆರೊಗಳಿಗೆ ಹಿಂದೆ ಎರಡೇ ಗಾಲಿ. ಆದ್ದರಿಂದ ಈ ವಿಷಯ ಕರ್ನಾಟಕದಲ್ಲಿ ಬಂದು ನಿಲ್ಲುವುದು 1986ರಲ್ಲಿ ರಸ್ತೆಗಿಳಿದ ಟಾಟಾ 407 ಮತ್ತು ಅದರ ಓರಗೆಯ ಐಷರ್, ಸ್ವರಾಜ್ ಮಜ್ದಾಗಳ ಬಳಿ, ಅವುಗಳ ಹಿಂದೆಯೇ ದೊಡ್ಡ ಲಾರಿ ಹಾಗೂ ಬಸ್ಸುಗಳ ಬಳಿ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಹಳ್ಳಿಯ ಸಣ್ಣಪುಟ್ಟ ಬಾಡಿಗೆ ನಾಲ್ಕು ಗಾಲಿಗೆ ಹೋಯಿತು. ಭಾರದ ಮಾಲು ಮಾತ್ರ ಇನ್ನೂ ಆರು ಗಾಲಿಯನ್ನೇ ಕೇಳುತ್ತದೆ.

ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕೆಂಭಾವಿಯನ್ನು ಇಲ್ಲಿ ಉದಾಹರಣೆಗೆ ಎತ್ತಿಕೊಳ್ಳಬಹುದು. ವಚನ ಓದುವವರಿಗೆ ಇದು ವಚನಕಾರ ಭೋಗಣ್ಣನ ಊರು. ಗಾಡಿ ಓಡಿಸುವವರಿಗೆ ಹತ್ತಿ, ತೊಗರಿ, ಭತ್ತದ ಊರು. ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರದ ಎಡದಂಡೆ ಕಾಲುವೆಗಳು ಸುರಪುರ, ಶಹಾಪುರ ಸೀಮೆಗೆ ನೀರು ತಂದ ಮೇಲೆ ಜೋಳ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಎಷ್ಟೋ ಭತ್ತದ ಗದ್ದೆಯಾದವು. ಒಣಬೇಸಾಯದ ಕಾಲದಲ್ಲಿ ಎತ್ತಿನ ಬಂಡಿಗೆ ಸಾಕಾಗುತ್ತಿದ್ದ ಫಸಲು ಈಗ ಲಾರಿ ಕೇಳುತ್ತದೆ. ಸುಗ್ಗಿಯಲ್ಲಿ ಭತ್ತದ ಚೀಲ ರಾಯಚೂರಿನ ಅಕ್ಕಿ ಗಿರಣಿಗಳತ್ತ, ಹತ್ತಿ ಶಹಾಪುರ, ರಾಯಚೂರುಗಳ ಜಿನ್ನಿಂಗ್ ಮಿಲ್ಲುಗಳತ್ತ ಹೋಗುತ್ತದೆ. ಮನೆ ಕಟ್ಟುವ ಕಾಲಕ್ಕೆ ಮರಳು, ಕಡಿ, ಫರ್ಸಿ ಕಲ್ಲು ಬರುತ್ತವೆ. ಈ ಮಾಲುಗಳ ಸ್ವಭಾವ ಒಂದೊಂದೂ ಒಂದೊಂದು ತರಹ. ಬಿಡಿ ಹತ್ತಿ ಆಕಾಶದೆತ್ತರ ಏರಿದರೂ ತೂಕ ಕಮ್ಮಿ. ಅದು ಟೈರಿಗಿಂತ ವಿದ್ಯುತ್ ತಂತಿಗೆ ಹೆಚ್ಚು ಅಪಾಯ. ಫರ್ಸಿ ಕಲ್ಲು ಗಾಡಿಯ ಅರ್ಧ ಹಲಗೆಯಷ್ಟೂ ಎತ್ತರ ಬಂದಿರುವುದಿಲ್ಲ, ಅಷ್ಟರಲ್ಲೇ ಟೈರು ಹೊಟ್ಟೆ ಬಿಟ್ಟಿರುತ್ತದೆ.

ಎರಡು ಟೈರಿನ ಜಾಗದಲ್ಲಿ ನಾಲ್ಕು ಹಾಕಿದರೆ ಎರಡರಷ್ಟು ಭಾರ ಹೊರಬಹುದೆಂಬ ಲೆಕ್ಕ ಪೂರ್ತಿ ನಿಜವಲ್ಲ. ದೊಡ್ಡ ಲಾರಿಯ 10.00 ಆರ್ 20 ಟೈರಿನ ಪಕ್ಕೆಯ ಮೇಲೆ 146/143 ಎಂಬ ಗುರುತು ಇರುತ್ತದೆ. ಮೊದಲ ಸಂಖ್ಯೆ ಒಂಟಿಯಾಗಿ ಹಾಕಿದಾಗಿನ ಶಕ್ತಿ: 3,000 ಕಿಲೋ. ಎರಡನೆಯದು ಜೋಡಿಯಲ್ಲಿ ಹಾಕಿದಾಗಿನದು: 2,725 ಕಿಲೋ. ಅಂದರೆ ಜೋಡಿಗೆ ಸೇರಿದ ಕೂಡಲೇ ಪ್ರತಿ ಟೈರೂ ನೂರಕ್ಕೆ ಒಂಬತ್ತರಷ್ಟು ಬಲ ಬಿಟ್ಟುಕೊಡುತ್ತದೆ. ತಯಾರಕರು ಹೀಗೆ ಮೊದಲೇ ಕಡಿತ ಮಾಡಿಡಲು ಕಾರಣ, ಎರಡು ಟೈರುಗಳು ಭಾರವನ್ನು ಸಮಪಾಲು ಹಂಚಿಕೊಳ್ಳುವುದೇ ಇಲ್ಲ ಎಂಬುದು ಅವರಿಗೆ ಗೊತ್ತಿರುವುದು. ರಸ್ತೆಯ ನಡು ಉಬ್ಬಿ ಅಂಚು ಇಳಿದಿರುತ್ತದೆ. ಹವಾ ಒಂದರಲ್ಲಿ ಹೆಚ್ಚು ಇನ್ನೊಂದರಲ್ಲಿ ಕಮ್ಮಿ ಇರುತ್ತದೆ. ಒಳ ಟೈರು ಬ್ರೇಕ್ ಡ್ರಮ್ಮಿನ ಕಾವಿಗೆ ಹತ್ತಿರ, ಗಾಳಿಗೆ ದೂರ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಆಕ್ಸಲ್ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಆದರೆ 143ರ ನಾಲ್ಕು ಟೈರು ಕೂಡಿ ಹೊರುವುದು 10.9 ಟನ್. ಕಾಯ್ದೆ ಒಪ್ಪಿದ ತೂಕಕ್ಕೆ ಟೈರು ಒಪ್ಪಿದೆ ಎಂದೇನೂ ಇಲ್ಲ. ಆ ಭಾರಕ್ಕೆ 149/146ರಂಥ ಮೇಲಿನ ದರ್ಜೆಯದೇ ಬೇಕು. ಟೈರು ಕೊಳ್ಳುವಾಗ ಪಕ್ಕೆಯ ಮೇಲಿನ ಈ ಸಣ್ಣ ಅಕ್ಷರ ಓದುವವರು ಕಡಿಮೆ, ದರ ಕೇಳುವವರೇ ಹೆಚ್ಚು.

ಜೋಡಿ ಕೂಡಿಸುವುದು

ಒಂದೇ ಹಬ್‌ಗೆ ಬಿಗಿದ ಎರಡು ಟೈರುಗಳು ಒಂದು ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕೋ ಎರಡೂ ಅಷ್ಟೇ ತಿರುಗಬೇಕು. ಎಡಬಲದ ಗಾಲಿಗಳ ನಡುವೆ ಡಿಫರೆನ್ಷಿಯಲ್ ಇದೆ, ಒಂದು ಬೇಗ ಒಂದು ನಿಧಾನ ತಿರುಗಲು ಅದು ಬಿಡುತ್ತದೆ. ಜೋಡಿಯ ನಡುವೆ ಅಂಥ ಮಧ್ಯಸ್ಥಿಕೆ ಯಾವುದೂ ಇಲ್ಲ. ಒಂದು ಟೈರು ದೊಡ್ಡದು, ಒಂದು ಚಿಕ್ಕದಾದರೆ ದೊಡ್ಡದು ಮುಂದಕ್ಕೆ ಎಳೆಯುತ್ತದೆ, ಚಿಕ್ಕದು ನೆಲಕ್ಕೆ ಉಜ್ಜಿಕೊಂಡು ಹಿಂದೆ ಬರುತ್ತದೆ. ಎತ್ತಿನ ಜೋಡಿಯಲ್ಲಿ ಒಂದು ಎತ್ತರ ಒಂದು ಕುಳ್ಳಾದರೆ ನೊಗ ಓರೆಯಾಗಿ ಎರಡರ ಹೆಗಲೂ ಹುಣ್ಣಾಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

407ಕ್ಕೆ ಹಾಕುವ 7.50-16 ಟೈರಿನ ಸುತ್ತಳತೆ ಸುಮಾರು ಎರಡೂವರೆ ಮೀಟರು. ಒಂದು ಕಿಲೋಮೀಟರಿಗೆ ಹೆಚ್ಚುಕಡಿಮೆ 400 ಸುತ್ತು. ಜೋಡಿಯ ಎರಡು ಟೈರುಗಳ ವ್ಯಾಸದಲ್ಲಿ ಬರೀ 6 ಮಿಲಿಮೀಟರು ಫರಕು ಇದೆ ಎನ್ನೋಣ. ಸುತ್ತಳತೆಯಲ್ಲಿ ಅದು 19 ಮಿಲಿಮೀಟರು. 400 ಸುತ್ತಿಗೆ ಏಳೂವರೆ ಮೀಟರು. ನೂರು ಕಿಲೋಮೀಟರು ಹೋಗಿ ನಿಲ್ಲುವಷ್ಟರಲ್ಲಿ ಈ ಎರಡು ಟೈರುಗಳ ನಡುವೆ ಮುಕ್ಕಾಲು ಕಿಲೋಮೀಟರಿನಷ್ಟು ಉಜ್ಜಾಟ ನಡೆದಿರುತ್ತದೆ, ಅದೂ ಮೈಮೇಲೆ ಟನ್ನುಗಟ್ಟಲೆ ಭಾರ ಹೊತ್ತು. ಟೈರು ತಯಾರಕರು 8.25 ಹಾಗೂ ಅದಕ್ಕಿಂತ ಚಿಕ್ಕ ಅಳತೆಗಳಿಗೆ ಈ 6 ಮಿಲಿಮೀಟರನ್ನೇ ಕೊನೆಯ ಮಿತಿ ಎಂದಿಟ್ಟಿದ್ದಾರೆ. 9.00 ಮತ್ತು ಮೇಲಿನವಕ್ಕೆ ಅದರ ಇಮ್ಮಡಿ.

ವ್ಯಾಸದಲ್ಲಿ 6 ಎಂದರೆ ಗೀರಿನ ಆಳದಲ್ಲಿ 3 ಮಿಲಿಮೀಟರು. ಇಡೀ ವಿಷಯದ ಗಂಟು ಇರುವುದು ಇಲ್ಲಿ. ಅರ್ಧ ಸವೆದ ಟೈರಿನ ಪಕ್ಕದಲ್ಲಿ ಹೊಚ್ಚ ಹೊಸದನ್ನು ಕೂಡಿಸಿದರೆ ಅಳತೆಪಟ್ಟಿ ತೆಗೆಯುವ ಮುಂಚೆಯೇ ಮಿತಿ ಮೀರಿರುತ್ತದೆ. ಹೊಸ ಟೈರು ಎತ್ತರ, ಹಾಗಾಗಿ ಭಾರವೆಲ್ಲ ಅದರ ಮೇಲೆ. ಹಳೆಯದು ಹಗುರವಾಗಿ ನೆಲ ಉಜ್ಜುತ್ತ ಹೋಗಿ ಇನ್ನೂ ಬೇಗ ಸವೆಯುತ್ತದೆ. ಒಂದು ಟೈರಿನ ಹಣ ಉಳಿಸಿದೆನೆಂದುಕೊಂಡ ಮಾಲೀಕ ಎರಡರ ಆಯುಸ್ಸನ್ನು ಕಳೆದುಕೊಳ್ಳುತ್ತಾನೆ. ಒಂದೇ ಟೈರು ಹಾಳಾಗಿದೆ, ಇನ್ನೊಂದು ಚೆನ್ನಾಗಿದೆ ಎಂದಾದರೆ ಹೊಸದು ತಂದು ಪಕ್ಕಕ್ಕಿಡುವುದಕ್ಕಿಂತ ಅದರಷ್ಟೇ ಸವೆದ ಹಳೆಯದೊಂದನ್ನು ಹುಡುಕಿ ಕೂಡಿಸುವುದು ಮೇಲು. ಹೆದ್ದಾರಿ ಬದಿಯ ಹಳೆ ಟೈರಿನ ಅಂಗಡಿಗಳು ಬದುಕಿರುವುದು ಬಡತನದಿಂದ ಮಾತ್ರವಲ್ಲ, ಈ ಲೆಕ್ಕದಿಂದಲೂ ಹೌದು.

ಅಳೆಯಲು ಯಂತ್ರವೇನೂ ಬೇಡ. ಖಾಲಿ ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ, ಹಿಂದಿನ ನಾಲ್ಕೂ ಟೈರುಗಳ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ದಾರ ಬಿಗಿದು ಹಿಡಿದರೆ ಸಾಕು. ಯಾವ ಟೈರಿನ ನೆತ್ತಿಗೂ ದಾರಕ್ಕೂ ನಡುವೆ ಬೆಳಕು ಕಾಣುತ್ತದೆಯೋ ಅದು ಕುಳ್ಳು. ಬಿಚ್ಚಿಟ್ಟ ಟೈರಾದರೆ ಅದೇ ದಾರವನ್ನು ಸುತ್ತಿ ಗಂಟು ಹಾಕಿ, ಇನ್ನೊಂದಕ್ಕೆ ಸುತ್ತಿ ನೋಡಬಹುದು. ಸ್ವಲ್ಪ ಫರಕು ಬಿಟ್ಟು ಗತಿಯಿಲ್ಲ ಎಂದಾದರೆ ದೊಡ್ಡದು ಹೊರಗೆ, ಚಿಕ್ಕದು ಒಳಗೆ. ರಸ್ತೆ ಅಂಚಿನತ್ತ ಇಳಿಯುವುದರಿಂದ ಹೊರ ಟೈರು ಕೆಳಗೆ ತಲುಪಬೇಕಾಗುತ್ತದೆ, ಅದಕ್ಕೆ. ಕಂಪನಿ, ಮಾದರಿ ಬೇರೆಯಾದರೆ ಪಕ್ಕೆಯ ಮೇಲೆ ಒಂದೇ ಅಳತೆ ಬರೆದಿದ್ದರೂ ನಿಜವಾದ ಎತ್ತರ ಬೇರೆ ಇರಬಹುದು. ನೈಲಾನ್ ಟೈರನ್ನೂ ರೇಡಿಯಲ್ ಟೈರನ್ನೂ ಒಂದೇ ಜೋಡಿಯಲ್ಲಿ ಕಟ್ಟುವುದಂತೂ ಬೇಡವೇ ಬೇಡ. ಭಾರ ಬಿದ್ದಾಗ ರೇಡಿಯಲ್ ಅಗಲವಾಗಿ ಮಣಿಯುತ್ತದೆ, ನೈಲಾನ್ ಸೆಟೆದು ನಿಲ್ಲುತ್ತದೆ.

ಹವಾ

ಅಳತೆ ಕೂಡಿಸಿದ ಜೋಡಿಯನ್ನು ಕೆಡಿಸಲು ಹವಾ ಒಂದೇ ಸಾಕು. ಹವಾ ಇಳಿದ ಟೈರು ಕುಳ್ಳಾಗುತ್ತದೆ, ಮೇಲೆ ಹೇಳಿದ ಜಗಳವೆಲ್ಲ ಮತ್ತೆ ಮೊದಲಾಗುತ್ತದೆ. ಹೊರ ಟೈರಿನಲ್ಲಿ ಹವಾ ಕಮ್ಮಿಯಾದರೆ ಹಾದಿಹೋಕನಿಗೂ ಕಾಣುತ್ತದೆ. ಒಳಗಿನದು ಪೂರ್ತಿ ಸತ್ತಿದ್ದರೂ ಹೊರಗಿನದು ಎತ್ತಿ ಹಿಡಿದಿರುವುದರಿಂದ ಗಾಡಿ ಓರೆಯಾಗುವುದಿಲ್ಲ. ಅದಕ್ಕೇ ಹಳೆಯ ಕ್ಲೀನರುಗಳು ಚಹಾಕ್ಕೆ ನಿಂತಲ್ಲೆಲ್ಲ ಸುತ್ತಿಗೆಯೋ ಪಾನಾವೋ ಹಿಡಿದು ಗಾಡಿಯ ಸುತ್ತ ಒಂದು ಸುತ್ತು ಬರುತ್ತಾರೆ. ಹವಾ ಇದ್ದ ಟೈರಿಗೆ ಬಡಿದರೆ ಸುತ್ತಿಗೆ ಪುಟಿದೇಳುತ್ತದೆ, ಸದ್ದು ಗಟ್ಟಿ. ಹವಾ ಇಲ್ಲದ್ದಕ್ಕೆ ಬಡಿದರೆ ಧಪ್ ಎಂದು ಕೈಯಲ್ಲೇ ಸಾಯುತ್ತದೆ. "ಒಳಗಿಂದ್ರಾಗ ಹವಾ ಇಲ್ಲ ನೋಡ್ರಿ" ಎಂಬ ಮಾತು ಹುಟ್ಟುವುದು ಕಣ್ಣಿನಿಂದಲ್ಲ, ಕಿವಿಯಿಂದ. ಈ ಪರೀಕ್ಷೆ ಸತ್ತ ಟೈರನ್ನು ಹಿಡಿಯುತ್ತದೆ, ನೂರು ಪೌಂಡಿನ ಜಾಗದಲ್ಲಿ ಎಂಬತ್ತಿದ್ದರೆ ಹಿಡಿಯುವುದಿಲ್ಲ. ಹೇಳಿದ್ದಕ್ಕಿಂತ ನೂರಕ್ಕೆ ಇಪ್ಪತ್ತು ಇಳಿದ ಟೈರನ್ನು ಪಂಕ್ಚರಾದಂತೆಯೇ ಎಣಿಸಿ ಬಿಚ್ಚಿ ನೋಡಬೇಕೆಂಬುದು ಕಸುಬಿನ ನಿಯಮ. ಆದ್ದರಿಂದ ಗೇಜು ಹಿಡಿಯಲೇಬೇಕು. ಅದೂ ಬೆಳಿಗ್ಗೆ, ಟೈರು ತಣ್ಣಗಿರುವಾಗ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ಮಧ್ಯಾಹ್ನ ಓಡಿ ಬಂದ ಟೈರು ಗೇಜಿನಲ್ಲಿ ಹೆಚ್ಚೇ ತೋರಿಸುತ್ತದೆ. ಅದನ್ನು ನೋಡಿ ಹವಾ ಬಿಟ್ಟರೆ ರಾತ್ರಿ ತಣ್ಣಗಾದಾಗ ಕಮ್ಮಿಯಾಗಿರುತ್ತದೆ.

ಒಳ ಟೈರಿನ ವಾಲ್ವು ಸಿಗುವುದೇ ಕಷ್ಟ. ಹೊರ ಡಿಸ್ಕಿನ ಕಿಂಡಿಯೊಳಗೆ ಕೈ ತೂರಿಸಿ, ಕೆಸರು ಕೆರೆದು, ಗೇಜಿನ ಮೂತಿ ಕೂಡಿಸಬೇಕು. ಜೋಡಿ ಬಿಗಿಯುವಾಗ ಒಳ ವಾಲ್ವು ಒಂದು ಕಡೆ, ಹೊರ ವಾಲ್ವು ಸರಿಯಾಗಿ ಎದುರು ಬದಿಗೆ ಬರುವಂತೆ ಕೂಡಿಸಿದರೆ, ಒಳಗಿನದಕ್ಕೆ ಒಂದು ಉದ್ದನೆಯ ನಳಿಗೆ ಜೋಡಿಸಿದರೆ ಆ ಕಷ್ಟ ಅರ್ಧ ಕಮ್ಮಿ. ಪಂಕ್ಚರ್ ಅಂಗಡಿಯಲ್ಲಿ ಅವಸರದಲ್ಲಿ ಇದನ್ನು ಮರೆತರೆ ಮುಂದಿನ ಪಂಕ್ಚರಿನವರೆಗೆ ಆ ಟೈರಿಗೆ ಯಾರೂ ಹವಾ ಹಾಕುವುದಿಲ್ಲ.

ಎರೆನೆಲದ ಊರುಗಳಿಗೆ ತಮ್ಮದೇ ಕಾಟಗಳಿವೆ. ಮಳೆಗಾಲದಲ್ಲಿ ಹೊಲಕ್ಕಿಳಿದು ಬಂದ ಗಾಡಿಯ ಎರಡು ಟೈರುಗಳ ಸಂದಿನಲ್ಲಿ ಎರೆಮಣ್ಣು ಮೆತ್ತಿ, ಒಣಗಿ, ಇಟ್ಟಿಗೆಯಾಗುತ್ತದೆ. ಕಡಿ ತುಂಬುವಲ್ಲಿ ಮುಷ್ಟಿಗಾತ್ರದ ಕಲ್ಲು ಅದೇ ಸಂದಿನಲ್ಲಿ ಸಿಕ್ಕಿಕೊಂಡು ಎರಡೂ ಪಕ್ಕೆಗಳನ್ನು ಕೊರೆಯುತ್ತದೆ. ಓಡುವಾಗ ಸಿಡಿದರೆ ಹಿಂದಿನ ಗಾಡಿಯ ಗಾಜು ಹೋಗುತ್ತದೆ. ತೊಗರಿ ಕೊಯ್ದ ಹೊಲದ ಕೂಳೆ ಇನ್ನೊಂದು. ಕುಡಗೋಲಿನಿಂದ ಓರೆಯಾಗಿ ಕತ್ತರಿಸಿದ ಆ ಮೋಟು ಒಣಗಿದ ಮೇಲೆ ಮೊಳೆಯಂತಾಗುತ್ತದೆ. ಬಳ್ಳಾರಿ ಜಾಲಿಯ ಮುಳ್ಳಿನ ಮಾತು ಬೇರೆ ಹೇಳಬೇಕಿಲ್ಲ. ಇವು ಹೊರ ಟೈರಿಗೂ ಒಳ ಟೈರಿಗೂ ಭೇದ ಮಾಡುವುದಿಲ್ಲ, ಒಳಗಿನದು ತಡವಾಗಿ ಗೊತ್ತಾಗುತ್ತದೆ ಅಷ್ಟೆ. ಒಳಗಿನದು ಸತ್ತ ಮೇಲೂ ಓಡಿಸಿದರೆ ಅದರ ಪಾಲಿನ ಭಾರವೆಲ್ಲ ಹೊರಗಿನದರ ಮೇಲೆ ಬೀಳುತ್ತದೆ. ಸತ್ತದ್ದು ಸುಮ್ಮನಿರುವುದಿಲ್ಲ, ಮಡಚಿ ಮಡಚಿ ಕಾಯುತ್ತದೆ. ಸರಕಿನ ಲಾರಿಗಳ ಹಿಂಬದಿಯಿಂದ ಹೊಗೆ ಎದ್ದು ಬೆಂಕಿ ಹತ್ತುವುದಕ್ಕೆ ಇದೂ ಒಂದು ಕಾರಣ, ಮೇಲೆ ಹತ್ತಿ ಇದ್ದರೆ ಉಳಿದದ್ದು ಊಹಿಸಿಕೊಳ್ಳಬಹುದು.

ಜಾಗ ಬದಲಿಸುವುದು

ಟೈರುಗಳು ಸವೆಯುವ ರೀತಿ ಜಾಗಕ್ಕೊಂದು. ಮುಂದಿನವು ಸ್ಟೇರಿಂಗ್ ತಿರುವಿಗೆ ಹೆಗಲ ಬದಿ ಸವೆಯುತ್ತವೆ. ಅಲೈನ್‌ಮೆಂಟ್ ತಪ್ಪಿದ್ದರೆ ಒಂದೇ ಅಂಚು ಗರಗಸದ ಹಲ್ಲಿನಂತಾಗುತ್ತದೆ. ಹಿಂದಿನವು ಎಂಜಿನ್ನಿನ ಎಳೆತಕ್ಕೆ ನಡುವೆ ಸವೆಯುತ್ತವೆ. ಹಿಂದಿನ ಎಡಗಡೆಯ ಹೊರ ಟೈರಿನ ಪಾಡು ನಮ್ಮ ಹಳ್ಳಿ ರಸ್ತೆಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಒಂಟಿ ಪಥದ ಡಾಂಬರಿನ ಅಗಲ 3.75 ಮೀಟರು. ಎದುರಿಗೊಂದು ಬಸ್ಸು ಬಂತೆಂದರೆ ಇಬ್ಬರೂ ಎಡಗಾಲಿ ಕೆಳಗಿಳಿಸಲೇಬೇಕು. ಡಾಂಬರು ಮುಗಿದು ಮಣ್ಣು ಕೊಚ್ಚಿಹೋದ ಆ ಅಂಚಿನಲ್ಲಿ ಗೇಣುದ್ದದ ಮೆಟ್ಟಿಲು ಇರುತ್ತದೆ. ಇಳಿಯುವಾಗೊಮ್ಮೆ, ಹತ್ತುವಾಗೊಮ್ಮೆ ಎಡಬದಿಯ ಹೊರ ಟೈರಿನ ಪಕ್ಕೆ ಅದಕ್ಕೆ ತೀಡುತ್ತದೆ. ದಿನಕ್ಕೆ ಇಂಥವು ಎಷ್ಟೋ. ಟೈರು ಎಲ್ಲಿ ಸವೆದಿದೆ ಎಂದು ನೋಡಿದರೆ ಗಾಡಿ ಯಾವ ರಸ್ತೆಯಲ್ಲಿ ಓಡಿದೆ ಎಂದು ಹೇಳಬಹುದು.

ಈ ಏರುಪೇರನ್ನು ಹಂಚಲು 8ರಿಂದ 10 ಸಾವಿರ ಕಿಲೋಮೀಟರಿಗೊಮ್ಮೆ ಟೈರುಗಳ ಜಾಗ ಬದಲಿಸುತ್ತಾರೆ. ಕಾರಿನಲ್ಲಿ ಅದು ಸರಳ, ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ. ಆರು ಗಾಲಿಯಲ್ಲಿ ಒಂದೊಂದನ್ನೇ ಎತ್ತಿ ಬೇಕಾದಲ್ಲಿ ಹಾಕಿದರೆ ಕೂಡಿದ ಜೋಡಿ ಒಡೆಯುತ್ತದೆ. ಹಾಗಾಗಿ ಇಲ್ಲಿ ಜಾಗ ಬದಲಿಸುವುದೆಂದರೆ ಸವೆತ ಹಂಚುವುದಕ್ಕಿಂತ ಹೆಚ್ಚಾಗಿ ಜೋಡಿ ಕಾಯುವುದು. ಇದನ್ನು ಮರೆತು ಬರೀ ಬಾಣದ ಗುರುತಿನ ಚಿತ್ರ ನೋಡಿ ಟೈರು ತಿರುಗಿಸುವವರು ಬದಲಿಸದೇ ಇರುವವರಿಗಿಂತ ಹೆಚ್ಚು ಹಾನಿ ಮಾಡಿಕೊಳ್ಳುತ್ತಾರೆ.

ಡಿಸ್ಕಿನ ಆಕಾರ ತಿಳಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಲಾರಿಯ ಗಾಲಿಯ ಡಿಸ್ಕು ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು, ಬೋಗುಣಿಯಂತೆ. ಮುಂದಿನ ಗಾಲಿಯಲ್ಲಿ ಉಬ್ಬು ಹೊರಕ್ಕೆ ಕಾಣುತ್ತದೆ. ಹಿಂದಿನ ಒಳ ಗಾಲಿಯಲ್ಲೂ ಉಬ್ಬು ಹೊರಕ್ಕೇ. ಹೊರ ಗಾಲಿಯನ್ನು ಮಾತ್ರ ತಿರುಗಿಸಿ, ಉಬ್ಬಿಗೆ ಉಬ್ಬು ಕೂಡುವಂತೆ ಬಿಗಿದಿರುತ್ತಾರೆ. ಅದಕ್ಕೇ ಪಕ್ಕದಿಂದ ನೋಡಿದರೆ ತಗ್ಗು ಕಾಣುತ್ತದೆ. ಈಗ ಒಳ ಗಾಲಿಯನ್ನು ಅದೇ ಬದಿಯ ಹೊರಕ್ಕೆ ತಂದರೆ ಮಗುಚಬೇಕಾಗುತ್ತದೆ, ಆಗ ಟೈರು ಮುಂಚಿನದಕ್ಕೆ ವಿರುದ್ಧ ದಿಕ್ಕಿನಲ್ಲಿ ಉರುಳುತ್ತದೆ. ಎಡ ಒಳಗಿನದನ್ನು ಬಲ ಹೊರಕ್ಕೆ ಒಯ್ದರೆ ದಿಕ್ಕು ಬದಲಾಗುವುದಿಲ್ಲ. ಪಕ್ಕೆಯ ಮೇಲೆ ಬಾಣದ ಗುರುತಿರುವ ಟೈರುಗಳಿಗೆ ಇದು ಮುಖ್ಯ. ಅಂಚು ಗರಗಸದಂತಾದ ಟೈರಿಗೆ ಮಾತ್ರ ದಿಕ್ಕು ಬದಲಿಸುವುದೇ ಮದ್ದು.

ಇದೇ ಲೆಕ್ಕದಿಂದ ಇನ್ನೊಂದು ಸೊಗಸಾದ ಸಂಗತಿ ಹೊರಡುತ್ತದೆ. ಮುಂದಿನ ಎರಡು ಟೈರುಗಳು ಒಂದೇ ದಿನ ಹಾಕಿದವು, ಸಮನಾಗಿ ಸವೆದವು. ಅವನ್ನು ಹಿಂದಿನ ಎಡಬದಿಗೆ ಒಂದು ಜೋಡಿಯಾಗಿ ಒಯ್ಯುವುದಾದರೆ ಮುಂದಿನ ಎಡದ್ದು ಒಳಕ್ಕೆ, ಮುಂದಿನ ಬಲದ್ದು ಹೊರಕ್ಕೆ. ಎರಡರ ದಿಕ್ಕೂ ಬದಲಾಗದು, ಟೈರನ್ನು ರಿಮ್ಮಿನಿಂದ ಬಿಡಿಸುವುದೂ ಬೇಡ. ಹೊಸದನ್ನು ಮುಂದಕ್ಕೆ ಹಾಕಿ, ಅಲ್ಲಿ ಸ್ವಲ್ಪ ಸವೆದ ಮೇಲೆ ಹಿಂದಕ್ಕೆ ದಾಟಿಸಿ, ಹಿಂದಿನ ಹಳೆಯ ಜೋಡಿಯನ್ನು ಹೊಸ ರಬ್ಬರು ಹಾಕಿಸಲು ರೀಟ್ರೆಡ್ಡಿಗೆ ಕಳಿಸುವ ನಮ್ಮ ಲಾರಿಯವರ ಪದ್ಧತಿ ಕೈಪಿಡಿ ಓದಿ ಕಲಿತದ್ದಲ್ಲ, ಆದರೂ ಕೈಪಿಡಿಗಿಂತ ಕಮ್ಮಿಯದ್ದಲ್ಲ.

ಎಲ್ಲ ಗಾಡಿಗೂ ಇದು ಸಲ್ಲದು. ಮುಂದೆ ಉದ್ದ ಗೀರಿನ ರಿಬ್ ಟೈರು, ಹಿಂದೆ ಅಡ್ಡ ಗೀರಿನ ಲಗ್ ಟೈರು ಹಾಕುವ ಲಾರಿಗಳಲ್ಲಿ ಮುಂದಿನವು ಮುಂದಿನವುಗಳ ನಡುವೆ, ಹಿಂದಿನವು ಹಿಂದಿನವುಗಳ ನಡುವೆ ಮಾತ್ರ ಬದಲಾಗಬೇಕು. ಅಮೆರಿಕದ ಜೋಡಿ ಟೈರಿನ ಎಷ್ಟೋ ಪಿಕಪ್ಪುಗಳಲ್ಲಿ ಹೊರಗೆ ಕಾಣುವ ಗಾಲಿಗಳು ಅಲ್ಯೂಮಿನಿಯಂ, ಹಿಂದಿನ ಒಳಗಿನವು ಉಕ್ಕು. ಅಲ್ಲಿ ಗಾಲಿ ಸಮೇತ ಒಳಗಿನದನ್ನು ಹೊರಗೆ ತರುವಂತೆಯೇ ಇಲ್ಲ. ಅಂದಕ್ಕೆ ತೆರುವ ದಂಡ ಅದು.

ಬಿಚ್ಚಿ ಕೂಡಿಸುವುದು

ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 94ನೆಯ ನಿಯಮದಂತೆ ದ್ವಿಚಕ್ರ, ತ್ರಿಚಕ್ರಗಳನ್ನು ಬಿಟ್ಟು ಉಳಿದ ವಾಹನಗಳ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಮ್ಮಿ ಇರಕೂಡದು. ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ, ಅವು ಮೇಲ್ಮೈಗೆ ಸಮನಾದರೆ ಟೈರಿನ ಕಾಲ ಮುಗಿಯಿತೆಂದು ಅರ್ಥ. ರೀಟ್ರೆಡ್ ಮಾಡಿಸುವ ಯೋಚನೆಯಿದ್ದವರು ಅಷ್ಟರವರೆಗೆ ಕಾಯಬಾರದು. ಒಳಗಿನ ನೂಲು ಕಂಡ ಟೈರಿಗೆ ಮೇಲೆ ಎಂಥ ರಬ್ಬರು ಅಂಟಿಸಿದರೂ ನಿಲ್ಲದು. ಟೈರು ಹುಟ್ಟಿದ ವಾರ ಪಕ್ಕೆಯ ಮೇಲೆ ನಾಲ್ಕು ಅಂಕಿಗಳಲ್ಲಿ ಇರುತ್ತದೆ. 3523 ಎಂದಿದ್ದರೆ 2023ರ 35ನೆಯ ವಾರ. ಗೀರು ಆಳವಾಗಿದ್ದರೂ ಬಿಸಿಲಲ್ಲಿ ನಿಂತು ಪಕ್ಕೆ ಬಿರುಕು ಬಿಟ್ಟ ಹಳೆಯ ಟೈರನ್ನು ಹೊಸದೆಂದು ತರುವುದನ್ನು ಈ ಅಂಕಿ ತಪ್ಪಿಸುತ್ತದೆ.

ಊರ ಹೊರಗಿನ ಪಂಕ್ಚರ್ ಅಂಗಡಿಯಲ್ಲಿ ಒಳ ಟೈರು ಬಿಚ್ಚುವ ಕೆಲಸ ನೋಡಿದರೆ ಕಸುಬಿನ ಎಲ್ಲ ಹೆಜ್ಜೆಗಳೂ ಕಾಣುತ್ತವೆ. ಮೊದಲು ಎದುರಿನ ಗಾಲಿಗಳಿಗೆ ಕಲ್ಲು ಒಡ್ಡಬೇಕು. ಗಾಲಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು, ಎತ್ತಿದ ಮೇಲೆ ಗಾಲಿಯೇ ತಿರುಗತೊಡಗುತ್ತದೆ. ಹಳೆಯ ಕೆಲವು ಗಾಡಿಗಳಲ್ಲಿ ಎಡಬದಿಯ ಬೋಲ್ಟಿನ ಹಲ್ಲು ಉಲ್ಟಾ ಇರುತ್ತದೆ. ಇದನ್ನರಿಯದ ಹೊಸ ಹುಡುಗ ಬಿಚ್ಚುತ್ತೇನೆಂದು ಬಿಗಿಯುತ್ತಲೇ ಇರುತ್ತಾನೆ. ಜಾಕಿ ಆಕ್ಸಲ್ ಕೆಳಗೆ, ಅದರಡಿ ಅಗಲದ ಹಲಗೆ. ಎರೆನೆಲದಲ್ಲಿ ಬರೀ ಜಾಕಿ ಇಟ್ಟರೆ ಏರುವುದು ಗಾಡಿಯಲ್ಲ, ಇಳಿಯುವುದು ಜಾಕಿ. ನಟ್ಟು ಪೂರ್ತಿ ಬಿಚ್ಚುವ ಮುನ್ನ ಜೋಡಿಯ ಎರಡೂ ಟೈರುಗಳ ಹವಾ ಬಿಡಬೇಕು. ರಿಮ್ಮು ಒಳಗೆಲ್ಲೋ ಸೀಳಿದ್ದರೆ ಅಲ್ಲಿಯವರೆಗೆ ಅದನ್ನು ಹಿಡಿದಿರುವುದು ಆ ನಟ್ಟುಗಳೇ. ಹೊರ ಗಾಲಿ ಮಾತ್ರ ತೆಗೆಯುವುದಿದ್ದು ಗಾಡಿ ಖಾಲಿಯಿದ್ದರೆ ಜಾಕಿಯನ್ನೇ ಬಳಸದ ಉಪಾಯವೊಂದಿದೆ: ಒಳ ಟೈರನ್ನು ದಪ್ಪ ಹಲಗೆಯ ಮೇಲೆ ಹತ್ತಿಸಿದರೆ ಹೊರಗಿನದು ನೆಲ ಬಿಟ್ಟು ತೂಗುತ್ತದೆ. ಒಳಗಿನದು ಸತ್ತಿದ್ದರೆ ಈ ಉಪಾಯ ನಡೆಯದು, ಎರಡನ್ನೂ ಇಳಿಸಲೇಬೇಕು.

ನೈಲಾನ್ ಟೈರಿನ ಸಂಸಾರದಲ್ಲಿ ಟೈರು, ಟ್ಯೂಬು, ಫ್ಲ್ಯಾಪು, ರಿಮ್ಮು, ರಿಂಗು ಎಂದು ಐದು ಜನ. ಟ್ಯೂಬಿಗೆ ರಿಮ್ಮಿನ ತುಕ್ಕು ತಾಗದಂತೆ ನಡುವೆ ಬರುವ ರಬ್ಬರು ಪಟ್ಟಿಯೇ ಫ್ಲ್ಯಾಪು. ಹೊಸ ಟೈರಿಗೆ ಹಳೆಯ ಫ್ಲ್ಯಾಪು ಹಾಕಿ ಉಳಿಸುವ ಕಾಸು ಮೊದಲ ಬೇಸಿಗೆಯಲ್ಲೇ ಪಂಕ್ಚರಿಗೆ ಹೋಗುತ್ತದೆ. ರಿಂಗು ಈ ಕಸುಬಿನ ಯಮ. ರಿಮ್ಮಿನ ತೋಡಿನಲ್ಲಿ ಸಿಕ್ಕಿಕೊಂಡು ಟೈರನ್ನು ಹಿಡಿದಿಡುವ ಈ ಉಕ್ಕಿನ ಬಳೆ, ತುಕ್ಕು ಹಿಡಿದೋ ಸೊಟ್ಟಗಾಗಿಯೋ ಸರಿಯಾಗಿ ಕೂರದಿದ್ದರೆ ನೂರು ಪೌಂಡು ಹವಾದ ಬಲಕ್ಕೆ ಫಿರಂಗಿ ಗುಂಡಿನಂತೆ ಹಾರುತ್ತದೆ. ಅಮೆರಿಕದಲ್ಲಿ 1980ರಲ್ಲೇ ಇಂಥ ರಿಮ್ಮುಗಳಿಗೆ ಪಂಜರದೊಳಗಿಟ್ಟೇ ಹವಾ ತುಂಬಬೇಕೆಂದು ನಿಯಮ ಬಂತು. ನಮ್ಮ ರಸ್ತೆಬದಿಯಲ್ಲಿ ಪಂಜರ ಅಪರೂಪ. ಇಲ್ಲದಿದ್ದಲ್ಲಿ ರಿಂಗಿನ ಬದಿಯನ್ನು ನೆಲಕ್ಕೆ ಮಾಡಿ, ಸರಪಳಿ ಸುತ್ತಿ, ಉದ್ದ ಪೈಪಿನಿಂದ ದೂರ ನಿಂತು ಹವಾ ಹಾಕುವುದು ಕನಿಷ್ಠ ಎಚ್ಚರ. ಹವಾ ಏರುತ್ತಿರುವಾಗ ರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದನ್ನು ಎಲ್ಲೆಡೆ ಕಾಣಬಹುದು. ಅದರಷ್ಟು ಕೆಟ್ಟ ಅಭ್ಯಾಸ ಈ ಕಸುಬಿನಲ್ಲಿ ಇನ್ನೊಂದಿಲ್ಲ.

ಮರಳಿ ಕೂಡಿಸುವಾಗ ಎರಡು ಡಿಸ್ಕುಗಳು ಮುಖಕ್ಕೆ ಮುಖ ಕೂಡುವ ಜಾಗವನ್ನು ಕೆರೆದು ಒರೆಸಬೇಕು. ಅಲ್ಲಿ ಸಿಕ್ಕ ಮಣ್ಣಿನ ಹಳಕು, ದಪ್ಪ ಬಣ್ಣ ನಾಲ್ಕು ದಿನ ಓಡಿದ ಮೇಲೆ ಪುಡಿಯಾಗಿ ಉದುರುತ್ತದೆ, ಅಷ್ಟು ಸಂದು ನಟ್ಟಿನಲ್ಲಿ ಉಳಿಯುತ್ತದೆ. ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರು ಬದುರಾಗಿ ಬಿಗಿಯಬೇಕು. ಅರವತ್ತು ಕಿಲೋದ ಕ್ಲೀನರು ಒಂದು ಮೀಟರಿನ ಪಾನಾದ ತುದಿಗೆ ನಿಂತರೆ ಬೀಳುವ ತಿರುಚು ಬಲ ಸುಮಾರು 590 ನ್ಯೂಟನ್ ಮೀಟರು. ದೊಡ್ಡ ಲಾರಿಯ ನಟ್ಟಿಗೆ ಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ. 407ರ ಸಣ್ಣ ಬೋಲ್ಟಿಗೆ ಅಷ್ಟು ಬೇಡ. ಅದೇ ಪಾನಾದ ಮೇಲೆ ಕುಣಿದರೆ ಬೋಲ್ಟು ಹಿಗ್ಗಿ, ಬಿಗಿಯಾಗಿದೆ ಎಂದುಕೊಂಡದ್ದೇ ಮುಂದೊಂದು ದಿನ ಮುರಿಯುತ್ತದೆ. ನೂರು ಕಿಲೋಮೀಟರು ಓಡುವಷ್ಟರಲ್ಲಿ ಮತ್ತೊಮ್ಮೆ ಪಾನಾ ಹಾಕಿ ನೋಡಲೇಬೇಕು. ನಟ್ಟಿನ ಬುಡದಿಂದ ಡಿಸ್ಕಿನ ಮೇಲೆ ಕೆಂಪು ತುಕ್ಕಿನ ಗೆರೆ ಇಳಿದಿದ್ದರೆ ಅದು ಸಡಿಲಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಏಳನೆಯ ಟೈರನ್ನು ಸ್ಟೆಪ್ನಿ ಎನ್ನುವುದು ಇಂಗ್ಲಿಷರೂ ಈಗ ಮರೆತ ಮಾತು. ವೇಲ್ಸ್ ದೇಶದ ಲನೆಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಹುಟ್ಟಿದ ಹೆಚ್ಚುವರಿ ಗಾಲಿಯ ಹೆಸರು ಅದು. ಬೀದಿಯ ಹೆಸರು ಕೆಂಭಾವಿಯ ಪಂಕ್ಚರ್ ಅಂಗಡಿಯವರೆಗೆ ಬಂದು ಉಳಿದಿದೆ. ಆರು ಗಾಲಿ ಗಾಡಿಗೆ ಹೊಸ ಟೈರನ್ನು ಸ್ಟೆಪ್ನಿಯಾಗಿ ಇಡುವುದಕ್ಕಿಂತ ಹಿಂದಿನ ಜೋಡಿಗಳಷ್ಟೇ ಸವೆದದ್ದನ್ನು ಇಡುವುದು ಜಾಣತನ. ದಾರಿಯಲ್ಲಿ ಅದನ್ನು ಹಾಕುವ ಸಂಭವ ಹೆಚ್ಚಿರುವುದು ಆರರಲ್ಲಿ ನಾಲ್ಕಿರುವ ಹಿಂಬದಿಗೇ.

ಮರುಬಳಕೆ

ಸವೆದ ಟೈರಿನ ಮೈ ಗಟ್ಟಿಯಿದ್ದರೆ ಹಳೆಯ ಮೇಲ್ಮೈ ಉಜ್ಜಿ ಹೊಸ ರಬ್ಬರು ಹಾಕುವುದೇ ರೀಟ್ರೆಡ್. ಅಚ್ಚಿನಲ್ಲಿಟ್ಟು ಸುಮಾರು 150 ಡಿಗ್ರಿಯಲ್ಲಿ ಬೇಯಿಸುವುದು ಬಿಸಿ ವಿಧಾನ. ಮೊದಲೇ ಗೀರು ಮೂಡಿಸಿದ ಪಟ್ಟಿಯನ್ನು ಅಂಟಿಸಿ ನೂರು ಡಿಗ್ರಿಗೆ ತುಸು ಮೇಲೆ ಬೇಯಿಸುವುದನ್ನು ತಣ್ಣನೆಯದು ಎನ್ನುತ್ತಾರೆ, ಹೆಸರಷ್ಟೇ ತಣ್ಣಗೆ. ಸಾರಿಗೆ ನಿಗಮಗಳ ಬಸ್ಸುಗಳಲ್ಲೂ ಹಿಂದಿನ ಜೋಡಿಗೆ ರೀಟ್ರೆಡ್ ಟೈರು ಸಾಮಾನ್ಯ. ಮುಂದಕ್ಕೆ ಅದನ್ನು ಹಾಕದಿರುವುದು ವಿವೇಕ: ಹಿಂದೆ ಒಂದು ಒಡೆದರೆ ಜೊತೆಗಾರ ಒಂದಷ್ಟು ದೂರ ಕಾಪಾಡುತ್ತಾನೆ, ಮುಂದೆ ಆ ಜೊತೆಯಿಲ್ಲ. ರೀಟ್ರೆಡ್ಡಿಗೂ ಎರಡನ್ನೂ ಒಟ್ಟಿಗೆ ಕಳಿಸಿ, ಒಂದೇ ಅಚ್ಚಿನ ಗೀರು ಹಾಕಿಸಿ ತಂದರೆ ಜೋಡಿ ಜೋಡಿಯಾಗಿಯೇ ಉಳಿಯುತ್ತದೆ. ಕರ್ನಾಟಕದಲ್ಲಿ ಲಾರಿ ಟೈರಿನ ತಯಾರಿಕೆಗೆ ಹೆಸರಾದದ್ದು ಮೈಸೂರಿನ ವಿಕ್ರಾಂತ್ ಟೈರ್ಸ್, 1997ರಲ್ಲಿ ಅದು ಜೆಕೆ ಟೈರ್ ಕೈಸೇರಿತು. ಹಳೆಯ ಲಾರಿ ಮಾಲೀಕರ ಬಾಯಲ್ಲಿ ವಿಕ್ರಾಂತ್ ಎಂಬ ಹೆಸರು ಇನ್ನೂ ಇದೆ.

ರೀಟ್ರೆಡ್ಡಿಗೂ ಬಾರದ ಟೈರುಗಳ ವಿಲೇವಾರಿಯ ಹೊಣೆಯನ್ನು 2022ರ ಜುಲೈಯಲ್ಲಿ ಕೇಂದ್ರ ಸರ್ಕಾರ ತಯಾರಕರ ಮೇಲೆಯೇ ಹೊರಿಸಿತು. ಊರಲ್ಲಿ ಅವಕ್ಕೆ ಅದಕ್ಕೂ ಮೊದಲಿನಿಂದ ದಾರಿಗಳಿವೆ. ಲಾರಿಗೆ ಬೇಡವಾದ ಟೈರು ಡನ್ಲಪ್ ಬಂಡಿಗೆ ಹೋಗುತ್ತದೆ, ಅಲ್ಲಿ ಎತ್ತು ಎಳೆಯುವ ವೇಗಕ್ಕೆ ಬೋಳು ಟೈರೂ ಸಾಕು. ಬಂಡಿಗೂ ಆಗದ್ದು ಚಪ್ಪಲಿಯ ಅಟ್ಟೆಯಾಗುತ್ತದೆ, ಇಲ್ಲವೇ ಮಗುಚಿ ಕತ್ತರಿಸಿ ದನಕ್ಕೆ ನೀರಿಡುವ ಬಾನಿಯಾಗುತ್ತದೆ. ಹತ್ತಾರು ತ್ಯಾಪೆ ಬಿದ್ದ ಟ್ಯೂಬು ಬೇಸಿಗೆಯಲ್ಲಿ ಬಾವಿಗೆ ಇಳಿಯುತ್ತದೆ, ಈಜು ಕಲಿಯುವ ಹುಡುಗರ ನಡುವಿಗೆ.